ಊರ ತುಂಬ ಅಪ್ಪನ ಮುಖ

ಮೈದಾ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯ ಮೇಲಿಟ್ಟು ನೆವೆನಾ ಮರದ ಸೌಟಿನಿಂದ ತಿರುವುತ್ತ ನಿಂತಿದ್ದಳು. ಮೇಜಿನ ಆಚೆ ಬದಿಯಲ್ಲಿ ಸ್ತಾಂಕಾ ಅತ್ತೆ ಗೋಧಿಯನ್ನು ತಟ್ಟೆಯಲ್ಲಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಕಲ್ಲು ಸಿಕ್ಕಾಗಲೆಲ್ಲ ಬಟ್ಟಲಿಗೆ ಹಾಕುವ ಟಿಣ್ ಎಂಬ ಸದ್ದು, ಸೌಟು ಪಾತ್ರೆಯ ತಳ ಕೆರೆಯುವ ಸದ್ದು, ಕಿಟಕಿಯ ಹೊರಗೆ ಸೂರಿನಿಂದ ಕರಗಿದ ಹಿಮ ತೊಟ್ಟಿಕ್ಕುವ ಸದ್ದು. ಇಷ್ಟು ಬಿಟ್ಟರೆ ಅಡಿಗೆಮನೆಯಲ್ಲಿ ಬೇರೆ ಸದ್ದಿರಲಿಲ್ಲ. ನೀರುನೀರಾಗಿದ್ದದ್ದು ಇದ್ದಕ್ಕಿದ್ದಂತೆ ಗಟ್ಟಿಯಾಗಿ ಸೌಟಿಗೆ ಅಂಟತೊಡಗಿತು. ಗಂಟು ಕಟ್ಟಿತೇನೋ ಎಂದು ನೆವೆನಾಗೆ ಭಯವಾಯಿತು. ತಿರುಗಿ ನೋಡದೆಯೇ ಅತ್ತೆಯ ಕಣ್ಣು ತನ್ನ ಕೈಯ ಮೇಲಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಬರುವ ಶನಿವಾರಕ್ಕೆ ಅಪ್ಪ ಸತ್ತು ನಲವತ್ತು ದಿನ. ಅದನ್ನು ಸಾರುವ, ಅಪ್ಪನ ಚಿತ್ರವಿದ್ದ ಹಾಳೆಗಳು ಮೇಜಿನ ಮೂಲೆಯಲ್ಲಿ ಮುಖ ಕೆಳಗಾಗಿ ಬಿದ್ದಿದ್ದವು. ಗೋಧಿಯ ಧೂಳು ತನ್ನಣ್ಣನ ಮುಖದ ಮೇಲೆ ಬೀಳಬಾರದೆಂದು ಅತ್ತೆಯೇ ಹಾಗೆ ಬೋರಲು ಹಾಕಿದ್ದಳು. ಊರಲ್ಲಿ ಎಲ್ಲರೂ ಅಂಗಡಿಯಲ್ಲಿ ಸಿಗುವ ಅಂಟುಪಟ್ಟಿಯಲ್ಲೇ ಸಾವಿನ ಹಾಳೆ ಅಂಟಿಸುತ್ತಾರೆ. ಅತ್ತೆಗೆ ಅದು ಆಗದು. ಎರಡು ಮಳೆ ಬಂದರೆ ಪಟ್ಟಿ ಬಿಟ್ಟುಕೊಂಡು ಸತ್ತವರು ಬೀದಿಯಲ್ಲಿ ಹಾರಾಡುತ್ತಾರೆ, ಜನ ತುಳಿದುಕೊಂಡು ಹೋಗುತ್ತಾರೆ ಎನ್ನುವುದು ಅವಳ ಮಾತು, ಅದಕ್ಕೇ ಈ ಮೈದಾ ಅಂಟು.

"ನಮ್ಮ ಬಾಗಿಲಿಗೊಂದು," ಎಂದಳು ಅತ್ತೆ ಕೊನೆಗೆ, ಗೋಧಿಯಿಂದ ತಲೆಯೆತ್ತದೆ. "ಟ್ರಾಮ್ ನಿಲ್ದಾಣಕ್ಕೊಂದು. ಡಿಪೋ ಗೇಟಿಗೊಂದು, ಚರ್ಚಿನ ಹಲಗೆಗೊಂದು. ಆಯ್ತಲ್ಲ. ನಮ್ಮಣ್ಣ ಏನು ಮಂತ್ರಿಯಾಗಿದ್ನಾ, ಊರೆಲ್ಲ ಅಂಟಿಸೋಕೆ?"

"ಹೂಂ ಅತ್ತೆ."

"ಸತ್ತ ದಿನಾನೂ ಆ ನಾಲ್ಕೇ ಕಡೆ ತಾನೆ ಹಾಕಿದ್ದು? ಯಾರಿಗೆ ತಿಳೀಬೇಕೋ ಅವರಿಗೆ ತಿಳೀತು. ಸಿಂಹದ ಸೇತುವೆ ದಾಟಬೇಡ."

"ಅಲ್ಲಿಗ್ಯಾಕೆ ಹೋಗ್ಲಿ ನಾನು?"

"ಹೋಗ್ತೀಯ ಅಂತ ಎಲ್ಲಿ ಅಂದೆ? ಹೋಗಬೇಡ ಅಂದೆ ಅಷ್ಟೆ."

ನೆವೆನಾ ಅಂಟನ್ನು ಹಳೆಯ ಉಪ್ಪಿನಕಾಯಿ ಬಾಟಲಿಗೆ ಸುರಿದುಕೊಂಡು, ಬಟ್ಟೆ ಸುತ್ತಿ, ಕುಂಚದ ಜೊತೆಗೆ ಚೀಲದಲ್ಲಿಟ್ಟಳು. ಚೀಲದ ತಳದಲ್ಲಿ ಅತ್ತೆಗೆ ಗೊತ್ತಿಲ್ಲದ ಇನ್ನೊಂದು ಕಟ್ಟು ಹಾಳೆ ಇತ್ತು. ಎರಡರಲ್ಲೂ ಅಪ್ಪನ ಅದೇ ಚಿತ್ರ. ಅಪ್ಪ ಟ್ರಾಮ್ ಓಡಿಸುತ್ತಿದ್ದ ಡಿಪೋದವರು ತೆಗೆಸಿದ್ದು, ಟೋಪಿ ಈಗ ತಾನೇ ತೆಗೆದಂತೆ ಹಣೆಯ ಮೇಲೆ ಅದರ ಗುರುತು. ಎರಡರಲ್ಲೂ ಅದೇ ಹೆಸರು, ಶನಿವಾರ ಹನ್ನೊಂದಕ್ಕೆ ಸ್ಮಶಾನದಲ್ಲಿ ಪ್ರಾರ್ಥನೆ ಎಂಬ ಅದೇ ಸಾಲು. ಆದರೆ ಅತ್ತೆ ಅಚ್ಚು ಹಾಕಿಸಿದ್ದರಲ್ಲಿ, ಸತ್ತ ದಿನದ ಹಾಳೆಯಲ್ಲಿದ್ದಂತೆಯೇ, ಎಲ್ಲಕ್ಕಿಂತ ಕೆಳಗೆ 'ದುಃಖದಲ್ಲಿರುವ ಮಗಳು ಮತ್ತು ತಂಗಿ' ಎಂದಿತ್ತು. ಆ ಸಾಲನ್ನು ಮತ್ತೆ ಓದಿದ ದಿನ ನೆವೆನಾಗೆ ಯಾರೋ ಬಾಗಿಲು ಎಳೆದು ಒಳಗಿನಿಂದ ಚಿಲಕ ಹಾಕಿದ ಹಾಗಾಗಿತ್ತು. ಮಾರನೆಯ ದಿನ ಒಬ್ಬಳೇ ಅಚ್ಚಿನಂಗಡಿಗೆ ಹೋಗಿ, ಹಿಂದೆ ಮೂರು ಜನ ಕಾಯುತ್ತಿರುವಾಗ, ಕಿವಿ ಬಿಸಿಯಾಗುತ್ತಿರುವಾಗ, ಕೊನೆಯ ಸಾಲು ಬದಲಾಯಿಸಬೇಕು ಅಂದಿದ್ದಳು. ಏನಂತ ಹಾಕಲಿ, ಎಂದು ಅಂಗಡಿಯಾಕೆ ಗಟ್ಟಿಯಾಗಿ ಕೇಳಿದ್ದಳು. 'ಮನೆಯವರು' ಅಂತ ಹಾಕಿ. ಮನೆಯವರು ಅಂದ್ರೆ ಯಾರ್ಯಾರು, ಹೆಸರು ಬೇಡ್ವಾ? ಬೇಡ, ಅಷ್ಟೇ ಸಾಕು. ಹಿಂದೆ ನಿಂತವನೊಬ್ಬ ಗಡಿಯಾರ ನೋಡಿಕೊಂಡು ನಿಟ್ಟುಸಿರು ಬಿಟ್ಟಿದ್ದ. ಆ ಒಂದು ಮಾತಿನೊಳಗೆ ಇನ್ನೊಬ್ಬರು ಕೂರುವಷ್ಟು ಜಾಗವಿದೆ ಎಂದು ಆಕೆಗೆ, ಆ ಗಡಿಯಾರದವನಿಗೆ, ಯಾರಿಗೆ ಹೇಗೆ ತಿಳಿಸುವುದು?

ಆ ಇನ್ನೊಬ್ಬರು ಅಮ್ಮ. ಶನಿವಾರ ಅಮ್ಮ ಬರಬೇಕು. ಬೇರೇನೂ ಬೇಕಾಗಿರಲಿಲ್ಲ ನೆವೆನಾಗೆ. ಅಳುವುದು ಬೇಡ, ಮಾತಾಡುವುದು ಬೇಡ, ಬಂದು ಗೋರಿಯ ಆಚೆ ಬದಿಯಲ್ಲಿ ನಿಂತು ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿಯನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡು ಹೋದರೆ ಸಾಕು. ಅಮ್ಮ ಮನೆ ಬಿಟ್ಟು ಹೋದಾಗ ನೆವೆನಾಗೆ ಹನ್ನೊಂದು ವರ್ಷ, ಈಗ ಇಪ್ಪತ್ತಾರು. ಬಿಟ್ಟು ಹೋದವಳು ಬೇರೆ ದೇಶಕ್ಕೇನೂ ಹೋಗಿರಲಿಲ್ಲ, ಇದೇ ಊರಲ್ಲಿ, ಸೋಫಿಯಾದಲ್ಲೇ ಇದ್ದಳು. ಎಲ್ಲಿ ಎಂಬುದೂ ನೆವೆನಾಗೆ ಗೊತ್ತಿತ್ತು. ಗೊತ್ತಿದ್ದೂ ಹೋಗಿ ಬಾಗಿಲು ಬಡಿಯುವ ಧೈರ್ಯವಿರಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಬಂದರೂ ಕೇಳದೆ ಬರುವವಳು ಅವಳು. ಅದಕ್ಕೇ ಈ ಉಪಾಯ. ಅಮ್ಮ ಓಡಾಡುವ ದಾರಿಯಲ್ಲೆಲ್ಲ ಅಪ್ಪನ ಮುಖ ಅಂಟಿಸಿಬಿಟ್ಟರೆ ಎಲ್ಲೋ ಒಂದು ಕಡೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಓದುತ್ತಾಳೆ. ಬರುತ್ತಾಳೆ. ತಾನು ಬಾಯಿ ಬಿಡಬೇಕಾಗಿಲ್ಲ.

ಅತ್ತೆ ಹೇಳಿದ ನಾಲ್ಕು ಕಡೆ ಮೊದಲು ಮುಗಿಸಿದಳು. ಪೊದುಯಾನೆ ಬಡಾವಣೆಯಲ್ಲಿದ್ದ ತಮ್ಮ ಮನೆಯ ಬಾಗಿಲಿನಲ್ಲಿ ಸತ್ತ ದಿನದ ಹಾಳೆ ಇನ್ನೂ ಇತ್ತು, ಬಿಸಿಲಿಗೆ ಅಪ್ಪನ ಮುಖ ನೀಲಿಗಟ್ಟಿತ್ತು. ಅದರ ಪಕ್ಕದಲ್ಲಿ ಹೊಸದನ್ನು ಅಂಟಿಸಿದಾಗ ಅಪ್ಪ ನಲವತ್ತು ದಿನದಲ್ಲಿ ಚೇತರಿಸಿಕೊಂಡ ಹಾಗೆ ಕಂಡ. ಡಿಪೋ ಗೇಟಿನಲ್ಲಿ ಕಾವಲಿನ ಮುದುಕ ಮಾನೋಲ್ ತನ್ನ ಗೂಡಿನಿಂದ ಹೊರಗೆ ಬಂದು ಟೋಪಿ ತೆಗೆದ. "ನಲವತ್ತಾಗಿಹೋಯ್ತಾ? ಮೊನ್ನೆ ಮೊನ್ನೆ ಇದ್ದಂಗಿದೆಯಲ್ಲಮ್ಮ. ನಿಮ್ಮಪ್ಪನಂಥ ಮನುಷ್ಯ ಸಿಗಲ್ಲ. ವಿಚಿತ್ರದವನು ಅನ್ನು. ಸೇತುವೆ ಮೇಲಿನ ಲೈನು, ಸೀದಾ ಇಸ್ತ್ರಿ ಹೊಡೆದಂಗಿರೋ ಲೈನು, ಅದನ್ನ ಬಿಟ್ಟು ಬೆನ್ನು ಮುರಿಯೋ ಗುಡ್ಡದ ಲೈನು ಯಾರಾದ್ರೂ ಬಾಯಿಬಿಟ್ಟು ಕೇಳಿ ಹಾಕಿಸ್ಕೊತಾರಾ? ಇವನು ಕೇಳ್ಕೊಂಡ. ಯಾಕಯ್ಯ ಅಂದ್ರೆ, ಮರ ಚೆನ್ನಾಗಿದಾವೆ ಅಂದ!" ಮುದುಕ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. ನೆವೆನಾ ಹಾಳೆಯ ಮೂಲೆಯನ್ನು ಇನ್ನೊಮ್ಮೆ ಒತ್ತಿದಳು. ತನಗಿಂತ ಈ ಮುದುಕನಿಗೇ ಹೆಚ್ಚು ದುಃಖವಾಗಿದೆ ಅನ್ನಿಸಿ ನಾಚಿಕೆಯಾಯಿತು.

ಅಲ್ಲಿಂದ ಮನೆಗೆ ತಿರುಗಬೇಕಾದವಳು ಊರ ನಡುವಿನ ಕಡೆ ನಡೆದಳು. ಬಂಗಾರದ ಗುಮ್ಮಟದ ದೊಡ್ಡ ಚರ್ಚು, ಅದರ ಮುಂದಿನ ಹಳದಿ ಕಲ್ಲಿನ ಬೀದಿ. ಹಿಮದ ನೀರಿನಲ್ಲಿ ಆ ಕಲ್ಲುಗಳು ಬೆಣ್ಣೆ ಸವರಿದಂತೆ ಜಾರುತ್ತವೆ. ಚಿಕ್ಕವಳಿದ್ದಾಗ ಟ್ರಾಮಿನಲ್ಲಿ ಅಪ್ಪನ ಹಿಂದಿನ ಸೀಟಿನಲ್ಲಿ ಕೂತು ದಿನವೆಲ್ಲ ಊರು ಸುತ್ತುತ್ತಿದ್ದ ಅವಳಿಗೆ ಊರೆಂದರೆ ಅಪ್ಪನ ಭುಜ ಮಾಡುವ ಕೆಲಸವಾಗಿತ್ತು. ಭುಜ ಮುಂದಕ್ಕೆ ಬಾಗಿದರೆ ಹದ್ದಿನ ಸೇತುವೆ, ಎಡಕ್ಕೆ ವಾಲಿದರೆ ಕೋರ್ಟಿನ ತಿರುವು, ಮೆಲ್ಲಗೆ ಕುಸಿದರೆ ಕೊನೆಯ ನಿಲ್ದಾಣ. ಅಪ್ಪ ಯಾವ ಕಟ್ಟಡದ ಹೆಸರನ್ನೂ ಹೇಳಿದವನಲ್ಲ. ವಿತೋಶಾ ಬೆಟ್ಟ ಬೀದಿಯ ತುದಿಯಲ್ಲಿ ತೂಗುಹಾಕಿದಂತೆ ಕಂಡಾಗ ಮಾತ್ರ ಗಂಟೆಯನ್ನು ಒಂದು ಸಲ ಸುಮ್ಮನೆ ಬಾರಿಸುತ್ತಿದ್ದ. ಸುಮ್ಮನೆ ಅಲ್ಲ, ತನಗಾಗಿ ಎಂದು ಅವಳು ನಂಬಿದ್ದಳು. ಈಗ ಆ ಮನುಷ್ಯ ಒಂದು ಕಟ್ಟು ಹಾಳೆಯಾಗಿ ತನ್ನ ಚೀಲದಲ್ಲಿದ್ದಾನೆ, ತಾನು ಅವನನ್ನು ಗಾಳಕ್ಕೆ ಸಿಕ್ಕಿಸಿದ ಹುಳುವಿನ ಹಾಗೆ ಕಂಬಕಂಬಕ್ಕೂ ಹಚ್ಚುತ್ತಿದ್ದೇನೆ. ಈ ಯೋಚನೆ ಬಂದದ್ದೇ ಅವಳ ಕಾಲು ನಿಂತಿತು. ಒಬ್ಬ ತಂದೆ ಸತ್ತರೆ ಮಗಳು ತಂದೆಗಾಗಿ ಅಳಬೇಕು. ನಲವತ್ತು ದಿನದಲ್ಲಿ ತಾನು ಅತ್ತದ್ದೆಷ್ಟು, ಅಮ್ಮ ಬರುತ್ತಾಳೋ ಇಲ್ಲವೋ ಎಂದು ಲೆಕ್ಕ ಹಾಕಿದ್ದೆಷ್ಟು. ಸತ್ತ ಸುದ್ದಿ ಹೇಳಲು ಆಸ್ಪತ್ರೆಯಿಂದ ಫೋನ್ ಬಂದಾಗ, ಅದನ್ನು ಕೆಳಗಿಟ್ಟ ಮೊದಲ ಗಳಿಗೆಯಲ್ಲೇ, ದುಃಖಕ್ಕಿಂತ ಮುಂಚೆ, 'ಈಗ ಅವಳು ಬರಬಹುದು' ಎಂದು ಒಳಗೆ ಯಾವುದೋ ಒಂದು ಎದ್ದು ಕೂತಿತ್ತಲ್ಲ. ಅದು ಯಾರಿಗೂ ಗೊತ್ತಿಲ್ಲ. ಅಪ್ಪನಿಗೆ ಗೊತ್ತಾಗಿರಬಹುದೇ? ಹಾಳೆಯಲ್ಲಿ ಅಪ್ಪ ಎಂದಿನಂತೆ ರಸ್ತೆ ನೋಡುತ್ತಿದ್ದ.

ಹಳೆಯ ಸ್ನಾನಗೃಹದ ಹಿಂದೆ ನೆಲದಡಿಯ ಬಿಸಿನೀರಿನ ಬುಗ್ಗೆಯ ನಲ್ಲಿಗಳ ಹತ್ತಿರ ಜನ ಬಾಟಲಿ ಕ್ಯಾನುಗಳ ಜೊತೆ ಸಾಲು ನಿಂತಿದ್ದರು. ನಲ್ಲಿಯಿಂದ ಆವಿ ಏಳುತ್ತಿತ್ತು, ಮೊಟ್ಟೆ ಬೇಯಿಸಿದ ವಾಸನೆ. ಅಮ್ಮ ಯಾವಾಗಲೂ ಇದೇ ನೀರಿನಲ್ಲಿ ಚಹಾ ಮಾಡುತ್ತಿದ್ದಳು, ಹೊಟ್ಟೆಗೆ ಒಳ್ಳೆಯದೆಂದು. ಇಲ್ಲಿಗೆ ಬರದೆ ಇರಲಾರಳು. ನೆವೆನಾ ಯಾರ ಕಡೆಗೂ ನೋಡದೆ ಕಂಬಕ್ಕೆ ಅಂಟು ಸವರಿ ಹಾಳೆ ಒತ್ತತೊಡಗಿದಳು.

"ಏನಮ್ಮಾ ಇದು," ಎಂದ ಸಾಲಿನಲ್ಲಿದ್ದ ಒಬ್ಬ ದಪ್ಪ ಮನುಷ್ಯ. "ಜನ ಆರೋಗ್ಯಕ್ಕೆ ಅಂತ ನೀರು ಕುಡಿಯೋಕೆ ಬರ್ತಾರೆ. ಇಲ್ಲಿ ತಂದು ಹೆಣ ಅಂಟಿಸ್ತೀಯಲ್ಲ."

ಅವಳ ಕೈಯಲ್ಲಿದ್ದ ಕುಂಚ ಹಾಗೇ ನಿಂತಿತು. ಹಾಳೆ ವಾಪಸು ತೆಗೆಯಬೇಕೋ ಬೇಡವೋ ತಿಳಿಯಲಿಲ್ಲ.

"ನಿನ್ನನ್ನೂ ಒಂದು ದಿನ ಎಲ್ಲೋ ಒಂದು ಕಡೆ ಅಂಟಿಸಲೇಬೇಕಲ್ಲ ಮಾರಾಯ," ಎಂದಳು ಅವನ ಹಿಂದಿದ್ದ ಹೆಂಗಸು. "ಈಗಲೇ ಜಾಗ ನೋಡ್ಕೊಂಡಿರು. ನಿನ್ನ ಹೊಟ್ಟೆಗೆ ಎರಡು ಹಾಳೆ ಬೇಕು."

ಸಾಲಿಗೆ ಸಾಲೇ ನಕ್ಕಿತು, ದಪ್ಪ ಮನುಷ್ಯನೂ ನಕ್ಕ. ಹೆಂಗಸು ಹತ್ತಿರ ಬಂದು ಓದಿ, ಶಿಲುಬೆಯ ಗುರುತು ಮಾಡಿಕೊಂಡು, "ನಿಮ್ಮಪ್ಪನಾ? ಅವರ ಮೇಲಿನ ಮಣ್ಣು ಹಗುರಾಗಿರಲಿ," ಎಂದಳು. ನೆವೆನಾ ತಲೆಯಾಡಿಸಿ ಅಲ್ಲಿಂದ ಹೊರಟುಬಿಟ್ಟಳು. ಹೆಂಗಸರ ಸಂತೆ ಎಂಬ ಮಾರುಕಟ್ಟೆಯ ಬಾಯಲ್ಲಿ ಒಂದು, ಉಪ್ಪಿನಲ್ಲಿ ಹಾಕಿದ ಎಲೆಕೋಸು ಮಾರುವ ಸಾಲಿನ ಕೊನೆಗೆ ಇನ್ನೊಂದು ಅಂಟಿಸಿದಳು. ಇಲ್ಲಿ ಮಾತ್ರ ಅವಳ ಕೈ ಸ್ವಲ್ಪ ನಿಧಾನವಾಯಿತು, ಯಾಕೆಂದರೆ ಅವಳು ಕೆಲಸ ಮಾಡುವ ಅಂಗಡಿ ಇಲ್ಲಿಗೆ ಎರಡು ಬೀದಿ ಆಚೆ. ನೆಲಮಾಳಿಗೆಯ ಅಂಗಡಿ ಅದು, ಕಿಟಕಿ ಕಾಲುದಾರಿಯ ಮಟ್ಟಕ್ಕಿದೆ. ಸಿಗರೇಟೋ ಸೂರ್ಯಕಾಂತಿ ಬೀಜವೋ ಬೇಕಾದವರು ಕುಕ್ಕರಗಾಲಲ್ಲಿ ಕೂತು ಕೇಳಬೇಕು. ಒಳಗಿನಿಂದ ಅವಳಿಗೆ ದಿನವಿಡೀ ಕಾಣುವುದು ಬೂಟು, ಚಪ್ಪಲಿ, ಮೊಣಕಾಲು, ನಾಯಿಗಳ ಮುಖ. ಓದು ಬಿಟ್ಟ ವರ್ಷ ಸೇರಿದ ಕೆಲಸ. ಮುಖ ನೋಡಿ ಮಾತಾಡಬೇಕಾದ ಕೆಲಸಕ್ಕಿಂತ ಇದೇ ವಾಸಿ ಅನ್ನಿಸಿತ್ತು. ಮೂರು ಚಳಿಗಾಲದ ಹಿಂದೆ ಒಂದು ಸಂಜೆ ಕಂದು ಬಣ್ಣದ ಒಂದು ಜೊತೆ ಬೂಟು ಕಿಟಕಿಯ ಮುಂದೆ ಬಂದು ನಿಂತಿತು. ಎಡಗಾಲು ಸ್ವಲ್ಪ ಒಳಕ್ಕೆ ತಿರುಗಿತ್ತು. ಮುಖ ಕಾಣುವ ಮುಂಚೆಯೇ ಅದು ಅಮ್ಮನ ಕಾಲೆಂದು ನೆವೆನಾಗೆ ಗೊತ್ತಾಯಿತು. ಹೆಂಗಸು ಕುಕ್ಕರಿಸಿ ಕೂತಳು, ಬೆಂಕಿಪೊಟ್ಟಣ ಕೇಳಿದಳು, ದುಡ್ಡು ಕೊಟ್ಟಳು, ತೆಗೆದುಕೊಂಡಳು. ನೋಡಿದಳು ಕೂಡ. ಒಳಗೆ ಕತ್ತಲೆ, ಹೊರಗೆ ಬೆಳಕು, ಏನು ಕಂಡಿತೋ. ಎದ್ದು ಹೋದಳು. ನೆವೆನಾ ಅಂಗಡಿಯ ಪರದೆ ಎಳೆದು, ಕೋಟು ಕೂಡ ಹಾಕಿಕೊಳ್ಳದೆ, ಆ ಬೂಟಿನ ಹಿಂದೆ ಸಂತೆ ದಾಟಿ, ಸಿಂಹದ ಸೇತುವೆ ದಾಟಿ, ರೈಲು ಸ್ಟೇಷನ್ನಿನ ಹಿಂಭಾಗದ ಬಾನಿಶೋರಾವರೆಗೂ ಹೋಗಿದ್ದಳು. ಬೂಟು ಒಂದು ಬಾಗಿಲೊಳಗೆ ಮಾಯವಾದ ಮೇಲೆ ನಾಲ್ಕನೇ ಮಹಡಿಯಲ್ಲಿ ದೀಪ ಹತ್ತಿದ್ದನ್ನು ನೋಡಿ, ನಡುಗುತ್ತ ವಾಪಸು ಬಂದಿದ್ದಳು. ಮನೆಯಲ್ಲಿ ಅಪ್ಪ ಸೂಪು ಕುಡಿಯುತ್ತಿದ್ದ. ಕೋಟು ಎಲ್ಲಿ, ಎಂದ. ಅಂಗಡಿಯಲ್ಲಿ ಬಿಟ್ಟೆ, ಎಂದಳು. ಬೇರೇನೂ ಕೇಳಲಿಲ್ಲ ಅಪ್ಪ.

ಸೇತುವೆಯ ಮೇಲೆ ಗಾಳಿ ಜೋರಾಗಿತ್ತು. ನಾಲ್ಕು ಮೂಲೆಗಳಲ್ಲಿ ನಾಲ್ಕು ಕಂಚಿನ ಸಿಂಹಗಳು ಎಂದಿನಂತೆ ಬೇಸರದಲ್ಲಿ ಕೂತಿದ್ದವು. ಒಂದರ ಕೆಳಗಿನ ದೀಪದ ಕಂಬಕ್ಕೆ ಹಾಳೆ ಒತ್ತುತ್ತಿದ್ದಾಗ ಫೋನ್ ರಿಂಗಾಯಿತು.

"ಎಲ್ಲಿದ್ದೀಯ?" ಅತ್ತೆಯ ದನಿ.

"ಇಲ್ಲೇ..."

"ಇಲ್ಲೇ ಅಂದ್ರೆ ಎಲ್ಲಿ? ಸಂತೇಲಿ ಹೂವು ಮಾರೋ ಗಿನ್ಕಾ ಫೋನ್ ಮಾಡಿದ್ಲು. ನಿಮ್ಮಣ್ಣ ಎಲೆಕೋಸಿನ ಪಕ್ಕ ನಿಂತವ್ನೆ ಅಂದ್ಲು. ನನ್ನ ಮಾನ ಕಳೀತೀಯೇನೇ? ಕೆಳಗೆ ಅದೇನೋ 'ಮನೆಯವರು' ಅಂತ ಇದೆಯಂತೆ. ಯಾವ ಮನೆಯವರು? ಅವನ ಬಟ್ಟೆ ಒಗೆದೋಳು ನಾನು, ಕೊನೇಲಿ ಬೆಡ್‌ಪ್ಯಾನ್ ಹಿಡಿದೋಳು ನಾನು. ನನ್ನ ಅಳಿಸಿ ಅವಳಿಗೆ ಜಾಗ ಮಾಡ್ತೀಯ?"

"ಅಳಿಸಿಲ್ಲ ಅತ್ತೆ. ನೀವೂ ಅದರಲ್ಲೇ..."

"ಮಾತಾಡಬೇಡ." ಆ ಕಡೆ ಮೂಗು ಎಳೆದುಕೊಂಡ ಸದ್ದು. ಅತ್ತೆ ಅಳುತ್ತಿದ್ದಳು. ಬೈಯುವಾಗ ಅಂಜದ ನೆವೆನಾ ಈಗ ಕಂಬ ಹಿಡಿದುಕೊಂಡಳು. ಅತ್ತೆ ಹೇಳಿದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. "ಬರಲ್ಲ ಕಣೇ ಅವಳು," ಎಂದಳು ಅತ್ತೆ, ದನಿ ಇಳಿಸಿ. "ಬರೋಳಾಗಿದ್ರೆ ಮುಂಚೇನೇ ಬರ್ತಿದ್ಲು. ಶನಿವಾರ ನೀನು ಗೇಟು ನೋಡ್ಕೊಂಡು ನಿಂತಿರೋದನ್ನ ನನ್ನ ಕೈಲಿ ನೋಡೋಕಾಗಲ್ಲ, ಅದಕ್ಕೇ ಹೇಳ್ದೆ. ಮನೆಗೆ ಬಾ. ಹುರುಳಿಕಾಯಿ ಸೂಪು ಮಾಡಿದೀನಿ."

ಫೋನ್ ಇಟ್ಟ ಮೇಲೂ ಅವಳು ಅಲ್ಲೇ ನಿಂತಿದ್ದಳು. ಒಂದು ಟ್ರಾಮ್ ಬಂದು ಸೇತುವೆಯನ್ನು ನಡುಗಿಸಿಕೊಂಡು ಬಾನಿಶೋರಾದ ಕಡೆ ಹೋಯಿತು. ಅದು ಅಪ್ಪನ ಹಳೆಯ ಲೈನು. ಮಾನೋಲ್ ಮುದುಕ ಹೇಳಿದ, ಇಸ್ತ್ರಿ ಹೊಡೆದಂತಿರುವ ಲೈನು. ಅದು ಅಮ್ಮನ ಕಟ್ಟಡದ ಮುಂದೆಯೇ ಹೋಗುತ್ತದೆ ಎಂಬುದು ಮೂರು ವರ್ಷದಿಂದ ಅವಳಿಗೆ ಗೊತ್ತಿತ್ತು. ಅಪ್ಪ ಅದಕ್ಕೂ ಮುಂಚೆಯೇ ಆ ಲೈನು ಬಿಟ್ಟದ್ದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ದಿನಕ್ಕೆ ಎಂಟು ಸಲ ಆ ಕಿಟಕಿಯ ಕೆಳಗೆ ಗಂಟೆ ಬಾರಿಸಿಕೊಂಡು ಹೋಗಲಾರದೆ ಮರ ಚೆನ್ನಾಗಿವೆ ಅಂದುಬಿಟ್ಟಿದ್ದಾನೆ. ಹಾಗಾದರೆ ಆ ಸಂಜೆ ಸೂಪಿನ ತಟ್ಟೆಯ ಮುಂದೆ ಕೂತಿದ್ದ ಅಪ್ಪನಿಗೂ ಗೊತ್ತಿತ್ತು, ನಡುಗುತ್ತ ಒಳಗೆ ಬಂದ ತನಗೂ ಗೊತ್ತಿತ್ತು, ಇಬ್ಬರೂ ಉಪ್ಪು ಕೊಡು ಬ್ರೆಡ್ಡು ಕೊಡು ಎಂದುಕೊಂಡು ಮೂರು ವರ್ಷ ಕಳೆದರು. ಒಂದು ಸಲ, ಒಂದೇ ಒಂದು ಸಲ, ಯಾರಾದರೂ ಬಾಯಿ ಬಿಟ್ಟಿದ್ದರೆ? ಅಪ್ಪನ ಮೇಲೆ ಅವಳಿಗೆ ಸಿಟ್ಟು ಬಂತು, ಸತ್ತ ಮೇಲೆ ಮೊದಲ ಸಲ, ಮತ್ತು ಸಿಟ್ಟಿನ ಜೊತೆಯಲ್ಲೇ ಅಳು ಬಂತು. ಅವಳು ಸಿಂಹದ ಪೀಠಕ್ಕೆ ಮುಖ ಮಾಡಿ ನಿಂತು, ಹೋಗುವವರಿಗೆ ಕಾಣದಂತೆ, ಅಪ್ಪನಿಗಾಗಿ ಅತ್ತಳು. ಆಮೇಲೆ ಮನೆಯ ಕಡೆ ತಿರುಗದೆ ಟ್ರಾಮಿನ ಹಳಿ ಹಿಡಿದು ನಡೆದಳು.

ಆ ಕಟ್ಟಡದ ಬಾಗಿಲಿಗೆ ಬಣ್ಣ ಬಳಿದಿದ್ದರು. ಗಾಜಿನ ಮೇಲೆ ಆಗಲೇ ಐದಾರು ಮಂದಿ ಸತ್ತವರು ಒತ್ತೊತ್ತಾಗಿ ಇದ್ದರು. ಯಾರಾದರೂ ಒಳಗಿನಿಂದ ಬಂದುಬಿಟ್ಟರೆ ಎಂದು ಅವಳು ಅವಸರ ಮಾಡಿದಳು. ಅಂಟು ತಣ್ಣಗಾಗಿ ಗಟ್ಟಿಯಾಗಿತ್ತು. ಕುಂಚದಿಂದ ಎರಡು ಸಲ ಎಳೆದು, ಹಾಳೆ ಒತ್ತಿ, ಅಂಗೈಯಿಂದ ಸವರಿ ಇನ್ನೇನು ತಿರುಗಬೇಕು, ಪಕ್ಕದ ಕೆಳಮನೆಯ ಕಿಟಕಿ ಧಡಾರನೆ ತೆರೆಯಿತು.

"ಏಯ್! ನನ್ನ ಗಂಡನ ಮೇಲೆ ಯಾರನ್ನೇ ಮಲಗಿಸ್ತಿದ್ದೀಯ?"

ನೆವೆನಾ ನೋಡಿದಳು. ಅಪ್ಪನ ಹಾಳೆಯ ಅಂಚಿನಿಂದ ಇನ್ನೊಬ್ಬ ಮುದುಕನ ಗಡ್ಡ ಮಾತ್ರ ಹೊರಗೆ ಕಾಣುತ್ತಿತ್ತು. ಮಳೆ ಒಬ್ಬರನ್ನು ಅಳಿಸಬಹುದು, ಬಿಸಿಲು ಅಳಿಸಬಹುದು, ಮನುಷ್ಯರು ಮಾತ್ರ ಒಬ್ಬರ ಸತ್ತವರ ಮೇಲೆ ಇನ್ನೊಬ್ಬರನ್ನು ಅಂಟಿಸಬಾರದು. ಇದು ಮಕ್ಕಳಿಗೂ ಗೊತ್ತು. ಅಷ್ಟರಲ್ಲಿ ಮುದುಕಿ ಕರಿಯ ಸ್ವೆಟರಿನಲ್ಲಿ, ಮನೆಯ ಚಪ್ಪಲಿಯಲ್ಲೇ ಬಾಗಿಲಿಗೆ ಬಂದಿದ್ದಳು.

"ಕ್ಷಮಿಸಿ ಅಜ್ಜಿ, ನಾನು ನೋಡ್ಲಿಲ್ಲ..."

"ನೋಡ್ಲಿಲ್ವಂತೆ! ಅಷ್ಟು ದೊಡ್ಡ ಮೀಸೆ ಕಾಣ್ಲಿಲ್ವಾ? ಸತ್ತು ಆರು ತಿಂಗಳಾದದ್ದರ ಹಾಳೆ ಕಣೇ ಅದು, ಹೋದ ವಾರ ಹಾಕಿದ್ದು. ಇನ್ನೂ ಯಾರೂ ಸರಿಯಾಗಿ ಓದೇ ಇಲ್ಲ." ಆಮೇಲೆ ಎದುರಿಗಿದ್ದವಳ ಮುಖ ನೋಡಿ, "ಅಳಬೇಡ. ಅತ್ತರೆ ಕಾಗದ ಬಿಡಲ್ಲ. ಇರು," ಎಂದು ಒಳಗೆ ಹೋಗಿ ಬಿಸಿನೀರಿನ ಬೋಗುಣಿ, ಬಟ್ಟೆ ತಂದಳು.

ಇಬ್ಬರೂ ಸೇರಿ ಒದ್ದೆ ಬಟ್ಟೆ ಒತ್ತಿ ಒತ್ತಿ ಮೇಲಿನ ಹಾಳೆಯನ್ನು ಎಬ್ಬಿಸಿದರು. ಅತ್ತೆಯ ಅಂಟು ಸುಲಭಕ್ಕೆ ಬಿಡುವಂಥದ್ದಲ್ಲ. ಅಪ್ಪನ ಮುಖ ಸುಕ್ಕಾಗಿ ಉರುಳಿ ನೆಲಕ್ಕೆ ಬಿತ್ತು. ಜೊತೆಗೆ ಕೆಳಗಿನವನ ಒಂದು ಚೂರೂ ಕಿತ್ತುಕೊಂಡು ಬಂತು.

"ಕಿವಿ ಹೋಯ್ತು," ಎಂದಳು ಮುದುಕಿ, ಹತ್ತಿರದಿಂದ ನೋಡಿ. "ಹೋಗ್ಲಿ ಬಿಡು. ಇದ್ದಾಗಲೂ ಕೇಳಿಸ್ತಿರ್ಲಿಲ್ಲ ನಮ್ಮ ಅಸೆನ್‌ಗೆ." ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡಳು. "ಇನ್ನೊಂದಿದ್ಯಾ ನಿನ್ನ ಹತ್ರ? ಕೊಡು. ಇಲ್ಲಿ, ಇವನ ಪಕ್ಕದಲ್ಲಿ ಹಾಕು. ಅವೇ ಮುಖ ನೋಡಿ ನೋಡಿ ಅವನಿಗೂ ಬೇಜಾರಾಗಿರುತ್ತೆ."

ಮುದುಕಿಯೇ ಹಾಳೆಯ ಮೂಲೆ ಹಿಡಿದುಕೊಂಡಳು. ಅಂಟಿಸಿದ ಮೇಲೆ ಕನ್ನಡಕ ಏರಿಸಿ ನಿಧಾನವಾಗಿ ಓದಿದಳು. "ಲ್ಯುಬೆನ್. ಪೊದುಯಾನೆಯೋನು... ಅಲ್ಲಿಂದ ಇಲ್ಲೀವರೆಗೂ ಬಂದಿದ್ದೀಯ. ಇಲ್ಲಿ ಯಾರಿದ್ದಾರೆ ಇವನಿಗೆ?"

ನೆವೆನಾಗೆ ಅಪ್ಪನ ಸೂಪಿನ ತಟ್ಟೆ ಕಣ್ಣ ಮುಂದೆ ಬಂತು. "ನಾಲ್ಕನೇ ಮಹಡಿ," ಎಂದಳು.

ಮುದುಕಿ ಕನ್ನಡಕದ ಮೇಲಿಂದ ಅವಳನ್ನು ದಿಟ್ಟಿಸಿ ನೋಡಿದಳು. "ದಾಂಕಾ," ಎಂದಳು. "ಮೂಗು ನೋಡಿದಾಗಲೇ ಅಂದ್ಕೊಂಡೆ. ಮಗಳಿದ್ದಾಳೆ ಅಂತ ಒಂದು ಸಲ ಹೇಳಿದ್ಲು. ಒಂದೇ ಸಲ. ನಾನು ಕೆದಕಲಿಲ್ಲ." ಆಮೇಲೆ ನೆವೆನಾಳ ಬಲಗೈಯನ್ನು ತನ್ನ ಒದ್ದೆ ಕೈಯಲ್ಲಿ ತೆಗೆದುಕೊಂಡು ಮಣಿಕಟ್ಟನ್ನು ತಿರುಗಿಸಿದಳು. ಮಾರ್ಚ್ ತಿಂಗಳ ಮೊದಲ ವಾರ ಅದು. ಊರಿನ ಪ್ರತಿಯೊಬ್ಬರ ಮಣಿಕಟ್ಟಿನಲ್ಲೂ ಕೆಂಪು ಬಿಳಿ ನೂಲು ಇತ್ತು, ಹೂಬಿಟ್ಟ ಮರ ಕಾಣುವವರೆಗೂ ತೆಗೆಯುವಂತಿಲ್ಲ. ಸಾವಾದ ಮನೆಯವರು ಮಾತ್ರ ಆ ವರ್ಷ ಕಟ್ಟಿಕೊಳ್ಳುವುದಿಲ್ಲ. ನೆವೆನಾಳ ಕೈ ಬರಿದಾಗಿತ್ತು. ಮುದುಕಿಯದೂ ಬರಿದಾಗಿತ್ತು.

"ಪ್ರತಿ ವರ್ಷ ಮಾರ್ಚ್ ಒಂದನೇ ತಾರೀಕು," ಎಂದಳು ಮುದುಕಿ, "ನಿಮ್ಮಮ್ಮ ಈ ಕಟ್ಟಡದ ಎಲ್ಲರ ಬಾಗಿಲ ಹಿಡಿಕೆಗೂ ನೂಲು ಕಟ್ಟೋಳು. ತಾನೇ ಹೊಸೆದದ್ದು. ಈ ಸಲ ಯಾರಿಗೂ ಕಟ್ಟಲಿಲ್ಲ. ಭಾನುವಾರ ಮೆಟ್ಟಿಲಲ್ಲಿ ಸಿಕ್ಕಿದ್ಲು, ಅವಳ ಕೈಯೂ ಬರಿದು. ಯಾಕೆ ದಾಂಕಾ ಅಂದೆ. ಮರೆತೆ ಅಂದ್ಲು. ಇಂಥದ್ದನ್ನ ಯಾರು ಮರೀತಾರೆ?"

ನೆವೆನಾಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ದಿನಗಳನ್ನು ಲೆಕ್ಕ ಹಾಕಿದಳು. ಭಾನುವಾರ. ಈ ಹೊಸ ಹಾಳೆಗಳು ಊರಿಗೆ ಬಿದ್ದದ್ದು ಇವತ್ತು, ಗುರುವಾರ. ಅದಕ್ಕೆ ಮುಂಚೆ ಇದ್ದದ್ದು ಸತ್ತ ದಿನದ ನಾಲ್ಕೇ ಹಾಳೆ, ನಾಲ್ಕೂ ಪೊದುಯಾನೆಯಲ್ಲಿ. ಅವನ್ನು ಓದಬೇಕಾದರೆ ಅಮ್ಮ ಅಲ್ಲಿಗೆ ಬಂದಿರಬೇಕು. ಒಂದು ದಿನ, ಯಾರಿಗೂ ಹೇಳದೆ, ಅವರ ಬೀದಿಗೆ, ಅವರ ಬಾಗಿಲಿಗೆ. ಎಷ್ಟು ಸಲ ಬಂದು ಹೋಗುತ್ತಿದ್ದಳೋ. ನಿಂತು, ನೀಲಿಗಟ್ಟುತ್ತಿರುವ ಆ ಮುಖ ನೋಡಿ, 'ಮಗಳು ಮತ್ತು ತಂಗಿ' ಎಂಬ ಸಾಲು ಓದಿ, ಬೆಲ್ ಒತ್ತದೆ ವಾಪಸು ಹೋಗಿದ್ದಾಳೆ. ಒಳಗೆ ತಾನು ಆಗ ಏನು ಮಾಡುತ್ತಿದ್ದೆ? ಪಾತ್ರೆ ತೊಳೆಯುತ್ತಿದ್ದಿರಬೇಕು. ಅಮ್ಮನಿಗೆ ಗೊತ್ತಿದೆ. ಊರ ತುಂಬ ಅಂಟಿಸಿದ್ದೆಲ್ಲ, ಗೊತ್ತಿರುವವಳಿಗೇ ಗೊತ್ತುಮಾಡಲು ಹಚ್ಚಿದ ಅಂಟು. ಹಾಳೆಗಳು ಹೇಳಬಹುದಾದದ್ದೆಲ್ಲ ಹೇಳಿ ಮುಗಿದಿದೆ. ತಮ್ಮ ಮನೆಯಲ್ಲಿ ಎಲ್ಲರೂ ಒಂದೇ ಥರ, ಎಲ್ಲರೂ ಬೇರೆಯವರ ಬಾಗಿಲ ತನಕ ಹೋಗಿ ತಿರುಗಿ ಬರುವವರು.

"ಮೇಲೇ ಇದ್ದಾಳೆ ಈಗ," ಎಂದಳು ಮುದುಕಿ. ಬೋಗುಣಿ ಎತ್ತಿಕೊಂಡಳು. ಏನೋ ಹೇಳಲು ಹೋಗಿ ನಿಲ್ಲಿಸಿ, "ನನ್ನ ಒಲೆ ಮೇಲೆ ಈರುಳ್ಳಿ ಇದೆ, ಸೀದುಹೋಗುತ್ತೆ," ಎಂದು ಒಳಗೆ ಹೋಗಿ ಕಿಟಕಿಯನ್ನು ಮೆಲ್ಲಗೆ, ಪೂರ್ತಿ, ಮುಚ್ಚಿಕೊಂಡಳು. ಈರುಳ್ಳಿಯ ವಾಸನೆ ಎಲ್ಲೂ ಇರಲಿಲ್ಲ.

ಬಾಗಿಲ ಪಕ್ಕದಲ್ಲಿ ಬೆಲ್ಲುಗಳ ಫಲಕ, ಮೇಲಿನ ಮನೆಯವರೊಡನೆ ಮಾತಾಡಲು ಅದರಲ್ಲಿ ತೂತುಗಳು. ನಾಲ್ಕನೇ ಸಾಲಿನಲ್ಲಿ ಅಮ್ಮನ ತವರಿನ ಹೆಸರು, ನೀಲಿ ಶಾಯಿಯಲ್ಲಿ, ಅಮ್ಮನದೇ ಅಕ್ಷರ. ನೆವೆನಾ ಅಂಟಾಗಿದ್ದ ಬೆರಳನ್ನು ಕೋಟಿಗೆ ಒರೆಸಿಕೊಂಡಳು. ಒಂದು ಸಲ ಬೀದಿಯ ಕಡೆ ನೋಡಿದಳು. ಯಾರೂ ಅವಳನ್ನು ಗಮನಿಸುತ್ತಿರಲಿಲ್ಲ. ಒತ್ತಿದಳು. ಮೇಲೆಲ್ಲೋ ದೂರದಲ್ಲಿ ಗಂಟೆ ಕೇಳಿಸಿತು, ನಿಂತಿತು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತುವುದೋ ಬೇಡವೋ ಎಂದು ಬೆರಳು ಎತ್ತಿದ್ದಾಗ ಫಲಕದ ತೂತುಗಳೊಳಗೆ ಕಟಕ್ಕೆಂದು ಸದ್ದಾಗಿ ಗುಂಯ್ ಎನ್ನತೊಡಗಿತು. ಮೇಲೆ ಯಾರೋ ರಿಸೀವರ್ ಎತ್ತಿಕೊಂಡಿದ್ದರು. ಯಾರು ಎಂದು ಕೇಳಲಿಲ್ಲ. ನಲ್ಲಿ ನೀರು ಬೀಳುತ್ತಿದ್ದದ್ದು ಕೇಳಿಸಿತು, ಅದನ್ನು ಯಾರೋ ನಿಲ್ಲಿಸಿದ್ದು ಕೇಳಿಸಿತು. ಆಮೇಲೆ ಉಸಿರು.

ನೆವೆನಾ ತೂತುಗಳ ಹತ್ತಿರಕ್ಕೆ ಬಾಗಿದಳು, ಅಂಗಡಿಯ ಕಿಟಕಿಗೆ ಜನ ಬಾಗುವ ಹಾಗೆ.

"ನಾನಮ್ಮ, ನೆವೆನಾ," ಎಂದಳು. ಮೇಲಿನ ಉಸಿರು ನಿಂತಂತಾಯಿತು. "ನೀನು ಬಂದಿದ್ದೆ ಅಂತ ಗೊತ್ತಾಯ್ತು. ನಂಗೆ ಗೊತ್ತಿರ್ಲಿಲ್ಲ, ಇವತ್ತು ಗೊತ್ತಾಯ್ತು." ಒಂದು ಟ್ರಾಮ್ ಹೋಯಿತು, ಅದರ ಸದ್ದು ಮುಗಿಯುವವರೆಗೂ ಕಾದಳು. ಮೇಲಿನವರೂ ಕಾದರು. "ಅತ್ತೆ ಏನೂ ಅನ್ನಲ್ಲ. ಅಂದ್ರೂ ನಾನಿದ್ದೀನಿ." ಗುಂಯ್ ಎನ್ನುವ ಸದ್ದು ಮುಂದುವರಿದಿತ್ತು. ಯಾರೂ ಮಾತಾಡಲಿಲ್ಲ, ಯಾರೂ ಕೆಳಗಿಡಲೂ ಇಲ್ಲ.

"ಶನಿವಾರ ಹನ್ನೊಂದು ಗಂಟೆಗೆ," ಎಂದಳು ನೆವೆನಾ. "ಬಾಮ್ಮ."